ಕಾಳಗದ ನಾಡಿನ ಹೆಂಗಸರು

ನಮ್ಮ ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಬಳಿಯೋ ಹೊಲದ ಬದುವಿನಲ್ಲೋ ನಿಂತ ಹಳೆಯ ಕಲ್ಲುಗಳನ್ನು ನೀವು ನೋಡಿರಬಹುದು. ಆಯುಧ ಹಿಡಿದು ಹೋರಾಡುವ ಗಂಡಸಿದ್ದರೆ ಅದು ವೀರಗಲ್ಲು. ಕಂಬದಿಂದ ಹೊರಟು ಮೊಣಕೈ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳಿದ್ದರೆ ಅದು ಮಾಸ್ತಿಕಲ್ಲು. ‘ಮಹಾಸತಿ’ ಎಂಬ ಮಾತು ಜನರ ಬಾಯಲ್ಲಿ ಸವೆದು ‘ಮಾಸತಿ’ಯಾಗಿ ‘ಮಾಸ್ತಿ’ಯಾಯಿತು. ಒಡೆಯದ ಆ ಬಳೆ, ಆಕೆ ಮುತ್ತೈದೆಯಾಗಿಯೇ ಚಿತೆಯೇರಿದಳೆಂಬುದರ ಗುರುತು.

ನಮ್ಮದು ಕಾಳಗದ ಸೀಮೆ. ಸಿರುಗುಪ್ಪದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯನ್ನು ದಾಟಿದರೆ ರಾಯಚೂರು ನಾಡು. ಅದಕ್ಕಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಹೊಡೆದಾಡಿದರು. ಅದಕ್ಕೂ ಮೊದಲು, 1327ರಲ್ಲಿ, ಕುರುಗೋಡಿಗೆ ನೆರೆಯಾದ ಕಂಪಿಲಿಯ ರಾಜ್ಯ ದಿಲ್ಲಿಯ ಸೈನ್ಯಕ್ಕೆ ಬಿದ್ದಿತು. ಅರಸನು ಕಡೆಯ ಕಾಳಗಕ್ಕೆ ಹೊರಡುವ ಮುನ್ನ ಬೆಂಕಿ ಹೊತ್ತಿಸಿದನೆಂದೂ, ರಾಣಿವಾಸದವರೂ ಮಂತ್ರಿಗಳ ಮಡದಿಯರೂ ಮಿಂದು ಗಂಧ ಪೂಸಿಕೊಂಡು ಅದರಲ್ಲಿ ಬಿದ್ದರೆಂದೂ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಅವರಲ್ಲಿ ಒಬ್ಬಳ ಹೆಸರನ್ನೂ ಅವನು ಹೇಳುವುದಿಲ್ಲ.

ಹೆಣ್ಣಿನ ಪಾಲಿಗೆ ಇದ್ದದ್ದು ಬೆಂಕಿಯೊಂದೇ ಎಂದು ತಿಳಿಯಬೇಡಿ. ಇದೇ ಕನ್ನಡ ನಾಡಿನಲ್ಲಿ ಗಂಡ ಸತ್ತ ಮೇಲೆ ಹೆಂಡತಿಗೆ ಅಧಿಕಾರ ಬಂದದ್ದೂ ಉಂಟು. ಹತ್ತನೆಯ ಶತಮಾನದ ಮೊದಲಲ್ಲಿ ಬನವಾಸಿ ಸೀಮೆಯ ನಾಗರಖಂಡದ ನಾಳ್ಗಾವುಂಡ ನಾಗಾರ್ಜುನ ಮಡಿದಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಆಕೆ ನಾಡನ್ನು ಆಳಿದಳು. ರೋಗ ಬಂದಾಗ ಮಗಳಿಗೆ ಒಪ್ಪಿಸಿ ಜೈನ ವ್ರತದಿಂದ ದೇಹ ಬಿಟ್ಟಳು. ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿಯಂತೂ ಕಿಸುಕಾಡನ್ನು ಆಳಿದವಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಶಾಸನಗಳು ಆಕೆಯನ್ನು ‘ಗುಣದ ಬೆಡಂಗಿ’ ಎನ್ನುತ್ತವೆ. ಬೆಡಂಗು ಎಂದರೆ ಚೆಲುವು; ಚೆಲುವನ್ನು ಗುಣಕ್ಕೆ ಸಲ್ಲಿಸಿದ ಈ ಬಿರುದು ನನಗೆ ಬಲು ಮೆಚ್ಚು. ಆದರೂ ಒಂದನ್ನು ಗಮನಿಸಬೇಕು: ಒಬ್ಬಳಿಗೆ ಅಧಿಕಾರ ಬಂದದ್ದು ಗಂಡನ ಸಾವಿನಿಂದ, ಇನ್ನೊಬ್ಬಳಿಗೆ ಅರಸುಮನೆಯ ಹುಟ್ಟಿನಿಂದ. ಒಕ್ಕಲ ಮನೆಯ ಹೆಣ್ಣಿಗೆ ಆ ಬಾಗಿಲು ಎಲ್ಲಿತ್ತು?

ವಿಜಯನಗರದ ಅರಮನೆಯಲ್ಲಿ ಮಾತ್ರ ಬೇರೊಂದು ಬಗೆಯ ಹೆಂಗಸರಿದ್ದರು. 1530ರ ದಶಕದಲ್ಲಿ ಬರೆದ ಪೋರ್ಚುಗೀಸ ನೂನಿಜ್ ಅಲ್ಲಿನ ಕುಸ್ತಿಯ ಹೆಂಗಸರನ್ನೂ, ಕಾವಲಿನವರನ್ನೂ, ನ್ಯಾಯ ಹೇಳುವವರನ್ನೂ ಹೆಸರಿಸುತ್ತಾನೆ. ಒಳಮನೆಯ ಖರ್ಚುವೆಚ್ಚ ಬರೆಯುವವರು ಕೆಲವರು. ರಾಜ್ಯದ ಸಂಗತಿಗಳನ್ನೇ ಬರೆದಿಟ್ಟು, ಹೊರಗಿನ ಬರಹಗಾರರ ಪುಸ್ತಕದೊಡನೆ ತಾಳೆ ನೋಡುವವರು ಇನ್ನು ಕೆಲವರು. ಗಂಡಸಿನ ಲೆಕ್ಕವನ್ನು ಹೆಂಗಸು ತಾಳೆ ನೋಡುವುದೆಂದರೆ ಸಣ್ಣ ಮಾತೆ? ಗಂಡನ ಚಿತೆಯೇರುವ ಹೆಂಡಿರ ವರ್ಣನೆಯನ್ನೂ ಇದೇ ನೂನಿಜ್ ಬರೆದಿದ್ದಾನೆ. ಎರಡೂ ಒಂದೇ ಊರಿನ ಸಂಗತಿ. ಚಿತೆಯೇರಿದವರಿಗೆ ಕಲ್ಲು ನಿಂತಿತು. ಲೆಕ್ಕ ಬರೆದವರಿಗೆ ನಿಂತ ಕಲ್ಲನ್ನು ನಾನಂತೂ ಎಲ್ಲಿಯೂ ಕಂಡಿಲ್ಲ.