ನಿಮಗಿದು ಗೊತ್ತೆ? ಕಡಲ ತೈಲಕ್ಕೂ ತವರುಶಿಲೆಯುಂಟು
ಮುಂಬಯಿ ಕರಾವಳಿಯಾಚೆ 1974ರಲ್ಲಿ ಪತ್ತೆಯಾದ ಬಾಂಬೆ ಹೈ ನಿಕ್ಷೇಪದ ಕಚ್ಚಾ ತೈಲವು ಇಂದು ಮುಖ್ಯವಾಗಿ ಮಯೋಸೀನ್ ಯುಗದ ಸುಣ್ಣಕಲ್ಲಿನ ಸೂಕ್ಷ್ಮರಂಧ್ರಗಳಲ್ಲಿ ತುಂಬಿಕೊಂಡಿದ್ದರೂ ಅದು ಹುಟ್ಟಿದ್ದು ಅಲ್ಲಲ್ಲ. ಅದಕ್ಕಿಂತ ಬಹಳ ಹಳೆಯದಾದ ಪನ್ನಾ ಸ್ತರದ ಜೇಡಿಶಿಲೆಯೇ ಅದರ ಪ್ರಮುಖ ಮೂಲಶಿಲೆ, ಅಂದರೆ ಜೀವಿಗಳ ಅವಶೇಷವು ಭೂಗರ್ಭದ ಶಾಖದಿಂದ ತೈಲವಾಗಿ ಮಾರ್ಪಟ್ಟ ತಾಣ, ಎಂಬುದನ್ನು ಭೂರಸಾಯನ ವಿಜ್ಞಾನವು ಗುರುತಿಸಿದೆ. ತೈಲವನ್ನೂ, ಶಿಲೆಯ ಪುಡಿಯಿಂದ ದ್ರಾವಕ ಬಳಸಿ ತೆಗೆದ ಸಾರವನ್ನೂ ವಿಶ್ಲೇಷಿಸಿ, ಪ್ರಾಚೀನ ಜೀವಿಗಳ ಅಣುರಚನೆಯನ್ನು ಕೋಟ್ಯಂತರ ವರ್ಷ ಉಳಿಸಿಕೊಂಡ ‘ಜೈವಿಕ ಸೂಚಕ’ಗಳನ್ನು ಎರಡರಲ್ಲೂ ಹೋಲಿಸಲಾಗುತ್ತದೆ. ಇವುಗಳಲ್ಲಿ ಅತ್ಯಂತ ಸೋಜಿಗದ್ದು ಓಲಿಯನೇನ್: ಹೂಬಿಡುವ ಸಸ್ಯಗಳಿಂದ ಬರುವ ಈ ಅಣುವು ಕಡಲತಳದ ತೈಲದಲ್ಲಿ ಧಾರಾಳವಾಗಿ ಕಂಡುಬಂದರೆ, ಮೂಲಶಿಲೆಗೆ ನೆಲದ ಸಸ್ಯರಾಶಿ ಸೇರಿತ್ತೆಂದೂ, ಆ ಶಿಲೆಯು ಕ್ರಿಟೇಷಿಯಸ್ ಯುಗದ್ದು ಅಥವಾ ಅದಕ್ಕಿಂತ ಈಚಿನದೆಂದೂ ವಿಜ್ಞಾನಿಗಳು ನಿರ್ಣಯಿಸುತ್ತಾರೆ.