ಗಡಿಯಾರದ ಪಕ್ಕದ ಬಾಡಿಗೆದಾರ

ತಿತಿಮತಿಯಂಥ ಊರಿನ ಡಿಟಿಪಿ ಅಂಗಡಿಯಲ್ಲಿ ಆರ್‌ಟಿಸಿ ತಿದ್ದುಪಡಿಗೆ ಅರ್ಜಿ ಟೈಪ್ ಮಾಡಿಸುವಾಗ ಪರದೆಯ ಬಲ ಕೆಳಮೂಲೆ ನೋಡಿ. ಗಡಿಯಾರದ ಪಕ್ಕದಲ್ಲಿ ‘ನುಡಿ’ಯದೋ ‘ಬರಹ’ದ್ದೋ ಪುಟ್ಟ ಚಿಹ್ನೆ ಕಂಡೀತು. ಕೀಲಿಮಣೆ ತಂತ್ರಾಂಶಕ್ಕೆ ದೊಡ್ಡ ಕಿಟಕಿ ಬೇಡ. ನಾವು ಬೇರೆಲ್ಲೋ ಬರೆಯುತ್ತಿದ್ದರೆ ಅದು ಹಿಂದೆ ನಿಂತು ಅಕ್ಷರ ಬದಲಿಸುತ್ತಿರಬೇಕು, ಅಷ್ಟೇ. ಅಂಥವು ಮುಖ ತೋರಿಸುವ ಆ ಜಾಗವೇ ಸಿಸ್ಟಂ ಟ್ರೇ. ವಿಂಡೋಸ್‌ಗೆ ಅದು ಬಂದದ್ದು 1995ರಲ್ಲಿ.

ಒಮ್ಮೆ ಬರೆದ ತಂತ್ರಾಂಶವನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಿಸಲು ಕ್ಯೂಟಿ, ಜಿಟಿಕೆಯಂಥ ಟೂಲ್‌ಕಿಟ್‌ಗಳಿವೆ. ಗುಂಡಿ, ಪಟ್ಟಿಗಳನ್ನು ಟೂಲ್‌ಕಿಟ್ ತನ್ನದೇ ಕಿಟಕಿಯೊಳಗೆ ಬಿಡಿಸಿಕೊಳ್ಳುತ್ತದೆ, ಯಾರನ್ನೂ ಕೇಳಬೇಕಿಲ್ಲ. ಟ್ರೇ ಚಿಹ್ನೆ ಮಾತ್ರ ಬಾಡಿಗೆದಾರ. ಮಾಲೀಕರು ಮೂವರು, ಕರಾರೂ ಮೂರು ಬಗೆ. ಕ್ಯೂಟಿಗೆ ಈ ಸೌಲಭ್ಯ ಸೇರಿದ್ದು 2006ರಲ್ಲಿ, 4.2ನೇ ಆವೃತ್ತಿಯಲ್ಲಿ.

ವಿಂಡೋಸ್‌ನಲ್ಲಿ ಆ ಜಾಗ ಟಾಸ್ಕ್‌ಬಾರ್ ತೋರಿಸುವ ಎಕ್ಸ್‌ಪ್ಲೋರರ್‌ನದು. ಅದು ಕುಸಿದು ಮತ್ತೆ ಎದ್ದಾಗ ಚಿಹ್ನೆಗಳೆಲ್ಲ ಅಳಿಸಿಹೋಗಿರುತ್ತವೆ. ಟಾಸ್ಕ್‌ಬಾರ್ ಹೊಸದಾಗಿ ಹುಟ್ಟಿತೆಂಬ ಸಂದೇಶಕ್ಕೆ ಕಿವಿಗೊಟ್ಟಿದ್ದು ಪ್ರತಿ ತಂತ್ರಾಂಶವೂ ತನ್ನ ಚಿಹ್ನೆಯನ್ನು ಮತ್ತೆ ಇಡಬೇಕು. ಮ್ಯಾಕ್‌ನಲ್ಲಿ ಜಾಗ ಮೇಲಿನ ಮೆನು ಪಟ್ಟಿಯಲ್ಲಿ. ಅಲ್ಲಿ ಒಂದೇ ಬಣ್ಣದ ಚಿತ್ರ ಕೊಟ್ಟರೆ ಹಿನ್ನೆಲೆಗೆ ತಕ್ಕಂತೆ ಮ್ಯಾಕ್ ತಾನೇ ಅದನ್ನು ಕಪ್ಪೋ ಬಿಳಿಯೋ ಮಾಡಿಕೊಳ್ಳುತ್ತದೆ. ಚಿಹ್ನೆಗೆ ಸಿಗುವ ಜಾಗವೂ ಚಿಕ್ಕದು: ಹದಿನಾರು ಚುಕ್ಕೆ ಅಗಲದ ಚೌಕದಲ್ಲಿ ‘ಕ’ ಹೇಗೋ ಓದಿಸಿಕೊಳ್ಳುತ್ತದೆ, ಒತ್ತಕ್ಷರ ಹಾಕಿದರೆ ಮಸಿ ಚೆಲ್ಲಿದಂತೆಯೇ.

ನಿಜವಾದ ತಲೆನೋವು ಲಿನಕ್ಸ್. ಹಳೆಯ ‘ಎಕ್ಸ್‌ಎಂಬೆಡ್’ ಪದ್ಧತಿಯಲ್ಲಿ ತಂತ್ರಾಂಶ ಒಂದು ಕಿರುಕಿಟಕಿ ಮಾಡಿಕೊಡುತ್ತಿತ್ತು, ಟಾಸ್ಕ್‌ಬಾರಿನಂಥ ಫಲಕ ಅದನ್ನು ತನ್ನೊಳಗೆ ಕೂರಿಸಿಕೊಳ್ಳುತ್ತಿತ್ತು. ಹೊಸ ‘ವೇಲ್ಯಾಂಡ್’ ವ್ಯವಸ್ಥೆಯಲ್ಲಿ ಆ ದಾರಿಯಿಲ್ಲ. ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಬಳಗ ತಂದ ‘ಸ್ಟೇಟಸ್ ನೋಟಿಫೈಯರ್’ ಕ್ರಮದಲ್ಲಿ ಕಿಟಕಿಯೇ ಇಲ್ಲ. ತನ್ನ ಹೆಸರು, ಚಿತ್ರ, ಸ್ಥಿತಿಯನ್ನು ತಂತ್ರಾಂಶ ‘ಡಿ-ಬಸ್’ ಎಂಬ ಸಂದೇಶವಾಹಿನಿಯಲ್ಲಿ ಸಾರುತ್ತದೆ, ಬಿಡಿಸುವುದು ಫಲಕದ ಪಾಲು. ಅಚ್ಚುಕಟ್ಟಾದ ಏರ್ಪಾಡು. ಆದರೆ ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್ 2017ರಲ್ಲಿ ಹಳೆಯ ಟ್ರೇ ತೆಗೆದುಹಾಕಿತು, ಹೊಸದನ್ನು ತಾನಾಗಿ ಒಪ್ಪಲೂ ಇಲ್ಲ, ವಿಸ್ತರಣೆಯೊಂದನ್ನು ಸೇರಿಸಿಕೊಳ್ಳಬೇಕು. ಉಬುಂಟು ಅದನ್ನು ಜೊತೆಗೇ ಕೊಡುತ್ತದೆ. ಜಿಟಿಕೆಯ 4ನೇ ಆವೃತ್ತಿಯಲ್ಲಂತೂ ಟ್ರೇ ಚಿಹ್ನೆಯ ಸೌಲಭ್ಯವೇ ಇಲ್ಲ.

ಕಂಡಕಂಡ ತಂತ್ರಾಂಶವೆಲ್ಲ ಆ ಮೂಲೆಗೆ ನುಗ್ಗುತ್ತದೆಂಬ ಗ್ನೋಮ್ ಮಂದಿಯ ಬೇಸರ ಸುಳ್ಳಲ್ಲ. ‘ಐಬಸ್’ ಎಂಬ ಕೀಲಿಮಣೆ ವ್ಯವಸ್ಥೆಯ ಮೂಲಕ ಬರುವ ಕನ್ನಡ ಕೀಲಿಮಣೆಗಳಿಗೆ ಮೇಲಿನ ಪಟ್ಟಿಯಲ್ಲಿ ಗ್ನೋಮ್ ತಾನೇ ಜಾಗ ಕೊಟ್ಟಿದೆ ಕೂಡ. ಪೇಚಿಗೆ ಸಿಗುವುದು ಹೊರಗಿನ ತಂತ್ರಾಂಶಗಳು. ಕಿಟಕಿ ಮುಚ್ಚಿ ಟ್ರೇಗೆ ಸರಿದ ತಂತ್ರಾಂಶ, ಟ್ರೇ ಇಲ್ಲದ ಕಡೆ ಓಡುತ್ತಲೇ ಇರುತ್ತದೆ, ಅದನ್ನು ಮತ್ತೆ ತೆರೆಯಲು ಬಾಗಿಲೇ ಇರುವುದಿಲ್ಲ. ಅದಕ್ಕೇ ಕ್ಯೂಟಿಯಲ್ಲಿ ‘ಟ್ರೇ ಇದೆಯೇ’ ಎಂದು ಕೇಳುವ ಪ್ರತ್ಯೇಕ ಆದೇಶವಿದೆ. ಇಲ್ಲವೆಂಬ ಉತ್ತರ ಬಂದರೆ ಮುಚ್ಚುವ ಗುಂಡಿ ಒತ್ತಿದಾಗ ಅಡಗಿಕೊಳ್ಳದೆ ಪೂರ್ತಿ ನಿಲ್ಲುವಂತೆ ತಂತ್ರಾಂಶ ಬರೆಯುವವರು ನೋಡಿಕೊಳ್ಳಬೇಕು.