ಉಗುರಿನ ಅಲಂಕಾರ ಮತ್ತು ಶೌಚಧರ್ಮ

ಬಂಟ್ವಾಳ ತಾಲೂಕಿನ ಅಂಚಿನಲ್ಲಿ, ಕಾಸರಗೋಡಿನ ಗಡಿಗೆ ಸಮೀಪವಾಗಿ, ಗುಡ್ಡಗಳ ಮತ್ತು ಅಡಿಕೆ ತೋಟಗಳ ನಡುವೆ ಹರಡಿಕೊಂಡಿರುವ ಕನ್ಯಾನದಂತಹ ಗ್ರಾಮದಲ್ಲಿ, ಜೂನ್ ಮೊದಲ್ಗೊಂಡು ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ತೋಟದ ಕೆಲಸ ಮಾಡುವವರ ಕಾಲು ಒಣಗುವುದಕ್ಕೆ ಅವಕಾಶವೇ ಇರುವುದಿಲ್ಲ. ಬೆರಳ ಸಂದುಗಳಲ್ಲಿ ಕೆಸರು ಹುಣ್ಣು, ಪಾತ್ರೆ ತೊಳೆದು ಬಟ್ಟೆ ಒಗೆಯುವ ಕೈಗಳಲ್ಲಿ ಉಗುರುಸುತ್ತು, ಹಳದಿಗಟ್ಟಿ ದಪ್ಪನಾದ ಕಾಲುಗುರು, ಇವು ಇಂತಹ ಊರಿನ ಮನೆಗಳಿಗೆ ಅಪರಿಚಿತವಾದುವಲ್ಲ. ಮದುವೆಯ ಕಾಲ ಬಂದಿತೆಂದರೆ, ಮದರಂಗಿಯೊಡನೆ ಉಗುರುಗಳ ಅಲಂಕಾರವನ್ನೂ ಬಯಸಿ, ಇವೇ ಕೈಕಾಲುಗಳು ವಿಟ್ಲ, ಪುತ್ತೂರು, ಮಂಗಳೂರುಗಳ ಬ್ಯೂಟಿ ಪಾರ್ಲರುಗಳಿಗೆ ಬರುತ್ತವೆ. ಒಂದೇ ಕತ್ತರಿಯು ಒಂದೇ ದಿನ ಅನೇಕರ ಬೆರಳುಗಳನ್ನು ಮುಟ್ಟುವ ಸ್ಥಳದಲ್ಲಿ ಶೌಚವೆಂಬುದು ಅಂಗಡಿಯ ಅಂದಚಂದದ ವಿಷಯವಾಗಿ ಉಳಿಯದೆ, ಒಬ್ಬರ ರೋಗ ಮತ್ತೊಬ್ಬರಿಗೆ ತಗುಲದಂತೆ ಕಾಯುವ ಧರ್ಮವಾಗುತ್ತದೆ.

ಉಗುರಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಈ ಧರ್ಮದ ಮರ್ಮವು ಸ್ಪಷ್ಟವಾಗುತ್ತದೆ. ನಾವು ಕತ್ತರಿಸಿ ಬಣ್ಣ ಹಚ್ಚುವ ಭಾಗವು ಕೆರಾಟಿನ್ ಎಂಬ ದ್ರವ್ಯದಿಂದಾದ ನಿರ್ಜೀವ ಫಲಕ. ಅದರ ಬುಡದಲ್ಲಿ, ಚರ್ಮದ ಕೆಳಗೆ, ಅದನ್ನು ಹುಟ್ಟಿಸುವ ಸಜೀವ ಭಾಗವಿರುತ್ತದೆ. ಫಲಕಕ್ಕೂ ಬುಡದ ಚರ್ಮದ ಅಂಚಿಗೂ ನಡುವಣ ಸಂದನ್ನು ತೆಳುವಾದ ಪೊರೆಯೊಂದು ಮುಚ್ಚಿ, ನೀರೂ ರೋಗಾಣುಗಳೂ ಒಳನುಗ್ಗದಂತೆ ತಡೆಯುತ್ತದೆ. ನೋಟಕ್ಕೆ ಅಡ್ಡಿಯೆಂದು ಈ ಪೊರೆಯನ್ನು ಕತ್ತರಿಸಿ ತೆಗೆಯುವ ರೂಢಿಯು ಅನೇಕ ಕಡೆಗಳಲ್ಲಿ ಇದೆಯಾದರೂ, ಅದು ರಕ್ಷಣೆಯನ್ನೇ ಕಿತ್ತೆಸೆದಂತಾಗುವುದರಿಂದ ಸರ್ವಥಾ ಬಿಡತಕ್ಕದ್ದು. ನೆನೆಸಿ ಮೆಲ್ಲಗೆ ಹಿಂದೂಡಿದರೆ ಸಾಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಮಾತ್ರ ಬೆಳೆಯುವುದರಿಂದ, ಕೆಟ್ಟ ಉಗುರು ಹೋಗಿ ಹೊಸದು ಪೂರ್ತಿಯಾಗಿ ಬರಲು ಆರು ತಿಂಗಳು ಬೇಕು. ಕಾಲುಗುರಿಗೆ ಒಂದರಿಂದ ಒಂದೂವರೆ ವರ್ಷವೇ ಹಿಡಿಯುತ್ತದೆ. ಅರ್ಧ ತಾಸಿನ ಅಜಾಗರೂಕತೆಯಿಂದ ಅಂಟಿದ ಶಿಲೀಂಧ್ರವು ಅಷ್ಟು ಕಾಲ ಪೀಡಿಸಬಲ್ಲುದು. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ವೈರಾಣುವಂತೂ ಒಣಗಿದ ರಕ್ತದ ಕಣ್ಣಿಗೆ ಕಾಣದ ಲೇಶದಲ್ಲಿಯೂ ಏಳು ದಿನಗಳವರೆಗೆ ಜೀವ ಹಿಡಿದಿರಬಲ್ಲುದಾದುದರಿಂದ, ನಿನ್ನೆಯ ಗಿರಾಕಿಗೆ ತಗುಲಿದ ಕತ್ತರಿಯ ಅಲಗು ಇಂದಿನ ಗಿರಾಕಿಯ ಪಾಲಿಗೆ ಅಪಾಯವಾದೀತು.

ರೋಗ ಕಾಣುವ ಮೊದಲೇ ಅದನ್ನು ತಡೆಯಬೇಕೆಂಬ ತತ್ತ್ವವನ್ನು ಅಡಿಕೆ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಕೊಳೆರೋಗ ಕಾಣಿಸಿಕೊಂಡ ಮೇಲೆ ಹೊಡೆಯುವುದಲ್ಲ, ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಸಿಂಪಡಿಸಿ ಕಾಯುವುದೆಂಬುದು ಇಲ್ಲಿನ ಕೃಷಿಕರ ನಿತ್ಯಾನುಭವ. ಉಗುರಿನ ಅಂಗಡಿಯಲ್ಲಿಯೂ ರೋಗದ ಚಿಹ್ನೆ ಕಂಡ ಗಿರಾಕಿಯ ನಂತರ ಮಾತ್ರವೇ ಉಪಕರಣವನ್ನು ಶುದ್ಧಿಗೊಳಿಸುವುದು ವ್ಯರ್ಥ. ಬರುವವರೆಲ್ಲರ ವಿಷಯದಲ್ಲಿಯೂ ಸೋಂಕು ಇರಬಹುದೆಂದು ಭಾವಿಸಿ, ಪ್ರತಿಯೊಬ್ಬರ ನಂತರವೂ, ಮುಂದಿನವರು ಬಂದು ಕೂರುವ ಮೊದಲೇ ಶುದ್ಧಿಯು ಮುಗಿದಿರಬೇಕು.

ಈ ಶುದ್ಧಿಗೊಂದು ಕ್ರಮವಿದೆ. ಮೊದಲು ಸೋಪು ನೀರಿನಲ್ಲಿ ಉಪಕರಣವನ್ನು ಬ್ರಷ್‌ನಿಂದ ಉಜ್ಜಿ ತೊಳೆಯತಕ್ಕದ್ದು. ಚರ್ಮದ ಪುಡಿ, ಎಣ್ಣೆ, ರಕ್ತಗಳು ಅಂಟಿಕೊಂಡಿದ್ದರೆ ಯಾವ ಔಷಧವೂ ಅವುಗಳ ಅಡಿಯ ರೋಗಾಣುವನ್ನು ತಲುಪಲಾರದು. ಅನಂತರ, ಒಂದು ಭಾಗ ದ್ರವರೂಪದ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಆ ದಿನವೇ ಸಿದ್ಧಪಡಿಸಿದ ದ್ರಾವಣದಲ್ಲಿ ಹತ್ತು ನಿಮಿಷ ಪೂರ್ಣವಾಗಿ ಮುಳುಗಿಸಿ, ತುಕ್ಕು ಹಿಡಿಯದಂತೆ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ ಮುಚ್ಚಿಡಬೇಕು. ರಕ್ತ ತಗುಲಬಹುದಾದ ಲೋಹದ ಕತ್ತರಿ ಚಿಮುಟಗಳಿಗೆ ಆಟೋಕ್ಲೇವ್ ಯಂತ್ರವೇ ಶ್ರೇಷ್ಠ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು 15 ನಿಮಿಷ ತಡೆದುಕೊಂಡು ಬದುಕುವ ರೋಗಾಣುಗಳು ಇಲ್ಲವೆಂದೇ ಹೇಳಬಹುದು. ನೀಲಿ ಬೆಳಕಿನ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಉಪಕರಣವು ಶುದ್ಧವಾಯಿತೆಂದು ನಂಬಲಾಗದು; ಬೆಳಕು ತಲುಪದ ಮಗ್ಗುಲು ಹಾಗೆಯೇ ಉಳಿಯುತ್ತದೆ. ಮರದ ಕಡ್ಡಿ, ಹತ್ತಿ, ಉಜ್ಜುವ ಕಾಗದ, ಇವು ನೀರನ್ನೂ ಕೊಳೆಯನ್ನೂ ಒಳಕ್ಕೆ ಹೀರುವುದರಿಂದ ಒಬ್ಬರಿಗೆ ಬಳಸಿ ಎಸೆಯತಕ್ಕವು.

ಕಾಲು ನೆನೆಸುವ ತೊಟ್ಟಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಎಂಬಲ್ಲಿ, ಒಂದೇ ಅಂಗಡಿಗೆ ಹೋದ ನೂರಕ್ಕೂ ಹೆಚ್ಚು ಜನರ ಕಾಲಿನ ಮೇಲೆ ಹುಣ್ಣುಗಳೆದ್ದು ತಿಂಗಳುಗಟ್ಟಲೆ ಮಾಯದೆ ಕಾಡಿದಾಗ, ನೀರನ್ನು ಸುಳಿಯಾಗಿ ತಿರುಗಿಸುವ ಯಂತ್ರದ ತೊಟ್ಟಿಗಳ ಜಾಲರಿಯ ಹಿಂದೆ ಕೂದಲು ಚರ್ಮಗಳ ಕಸ ತುಂಬಿ, ಅದರಲ್ಲಿ ಮೈಕೋಬ್ಯಾಕ್ಟೀರಿಯಮ್ ಫಾರ್ಚುಯಿಟಮ್ ಎಂಬ ಸೂಕ್ಷ್ಮಜೀವಿಯು ಬೆಳೆದಿದ್ದುದು ತಿಳಿದುಬಂದಿತು. ಮುಂಚಿತವಾಗಿ ಕಾಲಿನ ರೋಮವನ್ನು ಬ್ಲೇಡಿನಿಂದ ತೆಗೆಸಿಕೊಂಡವರಿಗೆ ಬಾಧೆ ಅಧಿಕವಾಗಿ ತಟ್ಟಿತ್ತು. ಆದುದರಿಂದ ನಮ್ಮ ಊರುಗಳ ಸಣ್ಣ ಅಂಗಡಿಯವರು ಯಂತ್ರವಿಲ್ಲವೆಂದು ಕುಗ್ಗಬೇಕಾಗಿಲ್ಲ. ಕೊಳವೆ ಜಾಲರಿಗಳಿಲ್ಲದ ಸಾದಾ ಸ್ಟೀಲು ಬೋಗುಣಿಯನ್ನು ಪ್ರತಿಯೊಬ್ಬರ ನಂತರವೂ ಉಜ್ಜಿ, ಬ್ಲೀಚ್ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆದರೆ, ಅಲಕ್ಷ್ಯಕ್ಕೊಳಗಾದ ಬೆಲೆಯುಳ್ಳ ಯಂತ್ರಕ್ಕಿಂತ ಅದೇ ನಿರಪಾಯವಾದುದು.

ಕೆಲಸಗಾರರ ಕೈಯೂ ಒಂದು ಉಪಕರಣವೇ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಈಗ ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಂತಹ ದ್ರವ್ಯದ ನೀರಿನಲ್ಲಿಯೇ ವೈದ್ಯರಿಂದ ಕೈ ತೊಳೆಯಿಸಿದಾಗ, ಏಪ್ರಿಲಿನಲ್ಲಿ ಶೇಕಡಾ 18ರಷ್ಟಿದ್ದ ಬಾಣಂತಿಯರ ಮರಣವು ಜೂನ್ ವೇಳೆಗೆ ಶೇಕಡಾ 2ರ ಸಮೀಪಕ್ಕೆ ಇಳಿಯಿತು. ಇಂದಿನ ಕೆಲಸಗಾರರಿಗೆ ಸೋಪು ನೀರು, ಪ್ರತಿಯೊಬ್ಬ ಗಿರಾಕಿಗೂ ಹೊಸ ಕೈಗವಸು, ಹೆಪಟೈಟಿಸ್ ಬಿ ಲಸಿಕೆ, ಇವು ಮೂರೂ ಅವಶ್ಯಕ. ದಿನವಿಡೀ ಅನ್ಯರ ಗಾಯಗಳ ಸಮೀಪದಲ್ಲಿ ದುಡಿಯುವ ಅವರಿಗಿರುವ ಅಪಾಯವು ಯಾವ ಗಿರಾಕಿಗಿರುವುದಕ್ಕಿಂತಲೂ ದೊಡ್ಡದು.

ಗಿರಾಕಿಗಳ ಕರ್ತವ್ಯವೂ ಇದೆ. ಉಗುರುಸುತ್ತು, ಶಿಲೀಂಧ್ರ, ಒಡೆದ ಹುಣ್ಣು ಇದ್ದಾಗ ಅದನ್ನು ಬಣ್ಣದಿಂದ ಮರೆಮಾಡದೆ ವೈದ್ಯರಲ್ಲಿಗೆ ಹೋಗುವುದು. ಸಕ್ಕರೆ ಕಾಯಿಲೆಯವರು ಕಾಲಿನ ಸ್ಪರ್ಶಜ್ಞಾನ ಕುಗ್ಗಿರಬಹುದೆಂಬುದನ್ನು ನೆನೆದು ವೈದ್ಯರ ಸಲಹೆಯಿಲ್ಲದೆ ಕತ್ತರಿಗೆ ಕಾಲೊಡ್ಡದಿರುವುದು. ಕತ್ತರಿಯನ್ನು ಹೇಗೆ ಶುದ್ಧಿಗೊಳಿಸಿದಿರಿ ಎಂದು ಸಂಕೋಚವಿಲ್ಲದೆ ಕೇಳುವುದು. ಈ ಪ್ರಶ್ನೆಯಿಂದ ಯಾರಿಗೂ ಅವಮಾನವಿಲ್ಲ. ಪ್ರಾಮಾಣಿಕ ಕೆಲಸಗಾರರು ಸಂತೋಷದಿಂದಲೇ ತೋರಿಸಿಕೊಡುವರು. ಇಬ್ಬರು ಗಿರಾಕಿಗಳ ನಡುವೆ ಶುದ್ಧಿಗಾಗಿ ವ್ಯಯವಾಗುವ ಆ ಹತ್ತು ನಿಮಿಷಗಳಿಗೂ ಬೆಲೆಯುಂಟೆಂದು ಒಪ್ಪಿ, ಕಾಯುವ ತಾಳ್ಮೆಯನ್ನೂ ನ್ಯಾಯವಾದ ಹಣವನ್ನೂ ನಾವು ಕೊಡುವೆವಾದರೆ, ಸಣ್ಣ ಊರಿನ ಸಣ್ಣ ಅಂಗಡಿಯಲ್ಲಿಯೂ ಈ ಶೌಚಧರ್ಮವು ನಿಲ್ಲಬಲ್ಲುದು.